ಮಾಸ್ತರ ಪಾಲಿನ ಹಾಲು

ಮೊನ್ನೆ ನಾಗರ ಪಂಚಮಿಯ ಬೆಳಿಗ್ಗೆ ಮೆಲ್ಬರ್ನ್‌ನ ನಮ್ಮ ಮನೆಯಲ್ಲಿ ಕೊಬ್ಬರಿ ಬಟ್ಟಲು ಹುಡುಕುತ್ತಿದ್ದೆ. ಸಿಡ್ನಿಯಿಂದ ತಂದು ಬಿಚ್ಚದೇ ಇಟ್ಟಿದ್ದ ಪೆಟ್ಟಿಗೆಗೆ ಕೈ ಹಾಕಿದರೆ ಸಿಕ್ಕಿದ್ದು ರಾಳದ ಒಂದು ಬಿಲ್ಲೆ, ಹಸಿರು ರವಿಕೆ ಖಣದ ತುಂಡಿನಲ್ಲಿ ಸುತ್ತಿದ್ದು. ಮೂಗಿಗೆ ಹಿಡಿದೆ. ಆ ವಾಸನೆಗೆ ನಮ್ಮ ಮಾಸ್ತರು ಎದುರಿಗೇ ಬಂದು ಕೂತಂತಾಯಿತು... ತಲೆ ವಾಲಿಸಿಕೊಂಡು, ಕಮಾನಿಗೆ ರಾಳ ತಿಕ್ಕುತ್ತ.

ನಮ್ಮ ಶಾಲೆಯ ಆರ್ಕೆಸ್ಟ್ರಾದಲ್ಲಿ ಚೀನೀ ವಾದ್ಯ ಕಲಿಸಲು ಅವರು ಚಾಟ್ಸ್‌ವುಡ್‌ನಿಂದ ರೈಲಿನಲ್ಲಿ ಬರುತ್ತಿದ್ದರು. ನಾವು ಆಗ ಸಿಡ್ನಿಯ ಗಿರಾವೀನ್ ಬಡಾವಣೆಯಲ್ಲಿದ್ದೆವು. ರಜೆಗೆ ಧಾರವಾಡಕ್ಕೆ ಹೋಗಿ ತಡವಾಗಿ ಬಂದ ನನಗೆ ವಯೊಲಿನ್ ಉಳಿದಿರಲಿಲ್ಲ, ಎರ್ಹು ಮಾತ್ರ ಉಳಿದಿತ್ತು. ಎರಡೇ ತಂತಿ, ಅವುಗಳ ನಡುವೆ ಸಿಕ್ಕಿಕೊಂಡ ಕಮಾನು, ತೊಡೆಯ ಮೇಲಿಟ್ಟುಕೊಳ್ಳುವ ಪುಟ್ಟ ಮರದ ಡಬ್ಬಿ, ಅದರ ಮುಖಕ್ಕೆ ಹೆಬ್ಬಾವಿನ ಚರ್ಮ. ಮೊದಮೊದಲು ನಾನು ನುಡಿಸಲು ಕೂತರೆ ಅಪ್ಪ ಕಾರು ತೊಳೆಯಲು ಹೊರಗೆ ಹೋಗಿಬಿಡುತ್ತಿದ್ದರು.

ಶಾಲೆಯ ವಾದ್ಯ ಸೀಳು ಬಿಟ್ಟಾಗ ಮಾಸ್ತರು ತಮ್ಮ ಊರಿನಿಂದ ತಂದಿದ್ದ ಸ್ವಂತ ಎರ್ಹುವನ್ನೇ ಶಾಲೆಯ ಕನ್ಸರ್ಟ್ ಮುಗಿಯುವವರೆಗೆಂದು ನನಗೆ ಕೊಟ್ಟರು. ಕನ್ಸರ್ಟ್‌ನಲ್ಲಿ ನಾನೊಬ್ಬಳೇ ನುಡಿಸಬೇಕಾದ ಒಂದು ಭಾಗವಿತ್ತು. ಅದಕ್ಕೆ ಮೂರು ದಿನ ಇರುವಾಗ ಪಂಚಮಿ ಬಂತು. ಅಂದು ಪಾಠವಿಲ್ಲವೆಂದು ವಾದ್ಯ ಮನೆಯಲ್ಲೇ ಬಿಟ್ಟಿದ್ದೆ. ಸಂಜೆ ಬಂದು ನೋಡಿದರೆ ಅದು ದೇವರ ಮುಂದೆ ಮಣೆಯ ಮೇಲಿದೆ. ಚರ್ಮಕ್ಕೆ ಅರಿಶಿನ, ಕುಂಕುಮ, ಮೇಲೆ ಹಾಲು.

"ಅವ್ವಾ, ಇದೇನ ಮಾಡೀದಿ?"

"ಈ ಊರಾಗ ಹುತ್ತ ಎಲ್ಲಿ ಹುಡಕಲಿ? ನಾಗಪ್ಪ ಮನ್ಯಾಗೇ ಅದಾನಲ್ಲ. ಎಲ್ಲಾರ ಪಾಲೂ ಹಾಕೇನಿ, ಒಬ್ರನ್ನೂ ಬಿಟ್ಟಿಲ್ಲ."

ನಮ್ಮ ಕಡೆ ಹಾಲು ಎರೆಯುವಾಗ ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎಂದು ಒಬ್ಬೊಬ್ಬರಿಗೂ ಒಂದೊಂದು ಚಮಚ ಹಾಕುತ್ತಾರೆ. ಅವ್ವನಿಗೋ ಊರು ತುಂಬ ನೆಂಟರು. ಒರೆಸಿ ಕಮಾನು ಎಳೆದೆ. ನೆಗಡಿಯಾದವರ ಗಂಟಲಿನಂತೆ ಸ್ವರ ಒಳಗೇ ಉಳಿಯಿತು. ಮಾಸ್ತರು ವಾದ್ಯ ವಾಪಸ್ ತೆಗೆದುಕೊಳ್ಳುತ್ತಾರೆ, ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಮರುದಿನ ಅವ್ವ ಎಳ್ಳುಂಡಿ, ಶೇಂಗಾದುಂಡಿಗಳ ಡಬ್ಬಿಯನ್ನು ಹಸಿರು ಖಣದಲ್ಲಿ ಸುತ್ತಿ ಕಳಿಸಿದಳು. ಮಾಸ್ತರು ಚರ್ಮ ಮೂಸಿ ನೋಡಿದರು. ನಾನು ನನ್ನ ಬೂಟು ನೋಡುತ್ತ ಎಲ್ಲವನ್ನೂ ಹೇಳಿದೆ. ಅವರು ಇಂಗ್ಲಿಷಿನಲ್ಲಿ ಕೇಳಿದರು, "ಎಲ್ಲರ ಪಾಲು ಅಂದರೆ, ನನ್ನದೂ ಹಾಕಿದರಾ?"

"ದೇವರಾದ ಮೇಲೆ ನಿಮ್ಮದೇ ಸರ್."

ಅವರು ನಕ್ಕರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ಆಮೇಲೆ ವಾದ್ಯವನ್ನು ಎರಡು ದಿನ ನೆರಳಿನಲ್ಲಿ ಒಣಗಿಸಿ, ಸ್ವರ ಹದ ಮಾಡಲು ತಂತಿಯ ಕೆಳಗೆ ಇಡುವ ಬಟ್ಟೆ ಮೆತ್ತೆ ತೆಗೆದು, ಆ ಖಣದಿಂದಲೇ ಒಂದು ಚೂರು ಕತ್ತರಿಸಿ ಮಡಚಿ ಇಟ್ಟರು. ಉಳಿದ ತುಂಡಿನಲ್ಲಿ ರಾಳ ಸುತ್ತಿ ನನಗೆ ಕೊಟ್ಟರು.

ಕನ್ಸರ್ಟ್‌ನಲ್ಲಿ ಸ್ವರ ಕೊಂಚ ಒಡಕಾಗಿಯೇ ಬಂತು, ಆದರೆ ಬಂತು. ಮುಂದಿನ ಸಾಲಿನಲ್ಲಿ ಅವ್ವ ತೊಡೆ ತಟ್ಟಿ ತಾಳ ಹಾಕುತ್ತಿದ್ದಳು, ತಪ್ಪುತಪ್ಪಾಗಿ. ಪಕ್ಕದಲ್ಲಿ ಕೂತಿದ್ದ ಮಾಸ್ತರು ಅವಳ ತಾಳಕ್ಕೇ ತಲೆಯಾಡಿಸುತ್ತಿದ್ದರು. ಅಷ್ಟು ಖುಷಿಯಿಂದ ನಾನು ಮತ್ತೆಂದೂ ನುಡಿಸಲಿಲ್ಲ.

ಆಮೇಲೆ ಪ್ರತಿ ಪಂಚಮಿಗೂ ಅವರು ಉಂಡಿ ತಿನ್ನಲು ಗಿರಾವೀನ್‌ಗೆ ಬರುತ್ತಿದ್ದರು. ಎರ್ಹುವನ್ನು ಮಾತ್ರ ತಪ್ಪದೇ ತಮ್ಮ ಮನೆಯಲ್ಲಿ ಬಿಟ್ಟು ಬರುತ್ತಿದ್ದರು.

ಈ ವರ್ಷದ ಆರಂಭದಲ್ಲಿ ಅವರು ತೀರಿಕೊಂಡರೆಂದು ಅವ್ವ ಫೋನ್ ಮಾಡಿದಳು. ನಾನು ಹೋಗಲಿಲ್ಲ. ಹೋಗಬಹುದಿತ್ತು... ಕೆಲಸದ ನೆಪ ಹೇಳಿಕೊಂಡೆ. ಆ ಸಂಕಟ ಇನ್ನೂ ಇದೆ.

ಮೊನ್ನೆ ಮಗಳು ಪ್ಲೇಡೋ ಎಂಬ ಆಟದ ಹಿಟ್ಟಿನಲ್ಲಿ ನೇರಳೆ ಬಣ್ಣದ ನಾಗಪ್ಪನನ್ನು ಮಾಡಿದ್ದಳು. ದೇವರ ಪಾಲು ಹಾಕಿದೆ. ಗುರುವಿನ ಪಾಲಿಗೆಂದು ಹಾಲು ತುಂಬಿಕೊಂಡ ಚಮಚವನ್ನು ಹಾಗೇ ಹಿಡಿದು ನಿಂತೆ. "ಮಮ್, ನೆಕ್ಸ್ಟ್ ಯಾರು?" ಎಂದು ಮಗಳು ನನ್ನ ಕೈ ಹಿಡಿದು ಚಮಚ ಬಗ್ಗಿಸಿದಳು. ಹಾಲು ಬಿತ್ತು.

ಹಾಕಿದ್ದೇನೆ ಸರ್. ದೇವರಾದ ಮೇಲೆ ನಿಮ್ಮದೇ.