ಹಿಮ್ಮಡಿಗೂ ಬೆಳಕು ಬಿದ್ದ ಫೋಟೊ

ಭಾವ, ಎಂದರೆ ನನ್ನ ಅತ್ತೆಯ ಮಗ, ಮದುವೆ ನಿಶ್ಚಯವಾದ ಹುಡುಗಿಗೆ ಫೋನಿನಲ್ಲಿ, "ನಾನು ನೀರಿಗಿಳಿದರೆ ಮೀನು ದಾರಿ ಬಿಡ್ತದೆ" ಎಂದುಬಿಟ್ಟಿದ್ದ. ಬೆಳ್ಳೂರಿನ ಆ ಹುಡುಗಿಯೋ, ಕಾಲೇಜಿನ ಈಜುಸ್ಪರ್ಧೆಯಲ್ಲಿ ಕಪ್ ಗೆದ್ದವಳು. "ಹೌದಾ? ನೀರಿನಡಿ ಈಜುವ ಒಂದು ಫೋಟೊ ಕಳಿಸಿ. ಮುಖ ಕಾಣ್ಬೇಕು" ಎಂದಳು.

ಭಾವನಿಗೆ ಈಜು ಬರುವುದು ನನಗೆ ಸಂಸ್ಕೃತ ಬಂದಷ್ಟೇ. ಅವನ ಮಾನ ಉಳಿಸಲು ನಾನು ಗೆಳೆಯನ ವಾಟರ್‌ಪ್ರೂಫ್ ಕ್ಯಾಮೆರಾ ತಂದೆ. ಫೋಟೊಗ್ರಫಿಯಲ್ಲಿ ನನಗೆ ಗೊತ್ತಿದ್ದದ್ದು ಮದುವೆಮನೆ ಫೋಟೊಗ್ರಾಫರನ ದನಿ ಮಾತ್ರ: "ಗದ್ದ ಸ್ವಲ್ಪ ಕೆಳಗೆ, ಸ್ಮೈಲ್, ಸ್ಮೈಲ್!" ನೀರಿನಡಿ ಅದೂ ಕೆಲಸಕ್ಕೆ ಬಾರದು. ಅಲ್ಲಿ ಎಲ್ಲರ ದನಿಯೂ ಗುಳುಗುಳು.

ತೋಟದ ಕೆರೆಗೆ ಭಾವ ಬಿಳಿ ಮುಂಡು ಉಟ್ಟು ಬಂದ.

"ಇದೆಂತ ಭಾವ, ಮದುವೆ ಇವತ್ತೇ ಉಂಟಾ?"

"ಚಡ್ಡಿಯಲ್ಲಿ ಕಳಿಸಿ ಅವಳ ಅಪ್ಪ ನೋಡಿದ್ರೆ?"

ಮುಳುಗಿದ. ಮುಂಡು ಕೊಡೆಯಂತೆ ಅರಳಿತು. ಚಿತ್ರದ ತುಂಬ ಬಿಳಿಯೇ ಇದ್ದದ್ದರಿಂದ ಕ್ಯಾಮೆರಾ ಬೆಳಕು ಜಾಸ್ತಿಯಾಯಿತೆಂದು ತಾನೇ ಕತ್ತಲು ಮಾಡಿಕೊಂಡಿತು. ಭಾವನ ಮುಖ ದೋಸೆಕಾವಲಿ.

"ಇದು ನಾನಾ, ಎಮ್ಮೆಯಾ?"

"ಎಮ್ಮೆಗೆ ಈಜು ಬರ್ತದೆ ಭಾವ."

ಕ್ಯಾಮೆರಾದ ಬೆಳಕಿನ ಲೆಕ್ಕ, ಆ ಎಕ್ಸ್‌ಪೋಷರ್, ಎರಡು ಹಂತ ಏರಿಸಿದೆ. ಈಗ ಮುಖ ಬಂತು, ಮುಂಡು ಉರಿಯುವ ಟ್ಯೂಬ್‌ಲೈಟ್ ಆಯಿತು. ಸೊಂಟದ ಕೆಳಗೆ ಕಾಲಿಲ್ಲ, ಬರೀ ಬೆಳಕು, ದೇವರು ಪ್ರತ್ಯಕ್ಷವಾದ ಹಾಗೆ. ನಾನು ಮೂಗು ಮುರಿದು ಅದನ್ನು ಡಿಲೀಟ್ ಮಾಡಿದೆ. ಯೂಟ್ಯೂಬ್ ನೋಡಿ ಒಂದು ಗಂಟೆಯಲ್ಲಿ ನಾನು ದೊಡ್ಡ ಜನವಾಗಿದ್ದೆನಲ್ಲ.

ಮುಂಡು ಬಿಚ್ಚಿಸಿ, ಮೈ ಒರೆಸುವ ಕಂದು ಬೈರಾಸು ಸುತ್ತಿಸಿದೆ. ಸೂರ್ಯ ನೆತ್ತಿಗೆ ಬರುವವರೆಗೆ ಕಾದೆವು. ಓರೆ ಬಿಸಿಲು ನೀರಿನ ಮೇಲೆಯೇ ಜಾರಿ ಹೋಗುತ್ತದೆ. ಕೆಸರು ಕೂತ ಮೇಲೆ ಹತ್ತಿರ ಹೋಗಿ ಕ್ಲಿಕ್ಕಿಸಿದೆ. ಆಹಾ! ರೆಪ್ಪೆ ಕಂಡಿತು, ಬೈರಾಸಿನ ಗೆರೆ ಕಂಡಿತು. ಸುಡಲಿಲ್ಲ, ಕಪ್ಪಾಗಲಿಲ್ಲ. ಭಾವ ತನ್ನ ಮುಖ ನೋಡಿದ, ನಾನು ನನ್ನ ಬೆಳಕು ನೋಡಿದೆ. ಫೋನಿಗೆ ಹಾಕಿ ಕಳಿಸಿಬಿಟ್ಟೆವು.

ವಾಯ್ಸ್ ಮೆಸೇಜ್ ಬಂತು. ಅವಳ ದನಿಯನ್ನು ನಾನು ಈಗಲೂ ಊಟದ ಪಂಕ್ತಿಯಲ್ಲಿ ಮಾಡಿ ತೋರಿಸುತ್ತೇನೆ:

"ಫೋಟೊ ಭಾರೀ ಲಾಯ್ಕುಂಟು. ಮುಖವೂ ಸರಿ ಬಂದಿದೆ, ಕೆರೆಯ ಮೆಟ್ಟಿಲ ಮೇಲೆ ಊರಿದ ಎರಡು ಹಿಮ್ಮಡಿಯೂ ಸರಿ ಬಂದಿದೆ. ನಿಂತುಕೊಂಡು ಈಜುವುದು ನನಗೂ ಕಲಿಸ್ತೀರಾ?"

ಭಾವ ಬೈರಾಸಿನ ತುದಿ ಹಿಂಡಿದ. ಆಮೇಲೆ ಮೆಲ್ಲ ಕೇಳಿದ:

"ಮಾರಾಯ, ಆ ಟ್ಯೂಬ್‌ಲೈಟಿನದ್ದು... ವಾಪಸ್ ತರ್ಲಿಕ್ಕೆ ಆಗ್ತದಾ?"