ಗೋಡೆಗಿಳಿದ ಅತ್ತಿ

ಗುಂಡು ಮೇಸ್ತ್ರಿ ನೋಡಲು ಕಡ್ಡಿಯಂತಿದ್ದರು. ಆ ಹೆಸರು ಬಂದದ್ದು ಮೈಯಿಂದಲ್ಲ, ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ಗುಂಡಿನಿಂದ. ಅವರಿಗೆ ಆ ಗುಂಡೂ ಬೇಕಾಗಿರಲಿಲ್ಲ. ಒಂದು ಕಣ್ಣು ಮುಚ್ಚಿ ನಿಂತರೆ ಸಾಕು, ನೂಲೆಳೆಯಷ್ಟು ವಾಲಿದ್ದೂ ಗೊತ್ತಾಗುತ್ತಿತ್ತು. ಮನೆ ಕೊಳ್ಳುವವರು ಮೊದಲು ಅವರನ್ನು ಕರೆದೊಯ್ದು ತೋರಿಸುತ್ತಿದ್ದರು. ಇಂಥವರು ತಮ್ಮ ಮನೆಯ ಗೋಡೆಯನ್ನು ನೋಡಿಯೂ ನೋಡದಂತಿದ್ದರು ಎಂದರೆ ಯಾರು ನಂಬುತ್ತಾರೆ? ಅವರ ಹೆಂಡತಿಯಂತೂ ಕನಸಿನಲ್ಲೂ ನಂಬುತ್ತಿರಲಿಲ್ಲ.

ಎಲ್ಲ ಶುರುವಾದದ್ದು ಒಂದು ಅತ್ತಿ ಸಸಿಯಿಂದ. ಯಾರದೋ ಮನೆಯ ಕಿಟಕಿಯ ಮೇಲಿನ ಸಜ್ಜೆಯ ಸಂದಿಯಲ್ಲಿ ಅದು ಹುಟ್ಟಿತ್ತು. ಕಿತ್ತು, ಬೇರು ಸುಟ್ಟು, ಸಂದಿಗೆ ಸಿಮೆಂಟು ತುಂಬುವುದು ಅವರ ಕೆಲಸ. ಅಂಥ ನೂರಾರು ಸಸಿಗಳನ್ನು ಮುಗಿಸಿದ ಕೈ ಅದು. ಅಂದು ಏನನ್ನಿಸಿತೋ, ಒದ್ದೆ ಗೋಣಿಯಲ್ಲಿ ಸುತ್ತಿ ಮನೆಗೆ ತಂದರು. ಮಣ್ಣೇ ಇಲ್ಲದೆ ಎರಡು ವರ್ಷ ಬದುಕಿದ್ದಕ್ಕೆ ಒಂದಿಷ್ಟು ಮರ್ಯಾದೆ ಬೇಡವೇ ಎಂದು ಹೆಂಡತಿಯನ್ನು ಕೇಳಿದರು. ನಿಮ್ಮ ಜೊತೆ ಮೂವತ್ತು ವರ್ಷ ಬದುಕಿದವಳಿಗೆ ಏನು ಮರ್ಯಾದೆ ಸಿಕ್ಕಿತು ಎಂದು ಅವಳು ನಕ್ಕಳು.

ನರ್ಸರಿಯವನ ತಲೆ ತಿಂದು ಮೇಸ್ತ್ರಿ ಬೋನ್ಸಾಯ್ ವಿದ್ಯೆ ಕಲಿತರು. ಮರವನ್ನು ತಟ್ಟೆಯಲ್ಲಿ ಬೆಳೆಸುವುದೆಂದರೆ ಉಪವಾಸ ಹಾಕಿ ಸಾಕಿದಂತೆ. ಬೇರು ಕತ್ತರಿಸಬೇಕು, ಕೊಂಬೆಗೆ ತಂತಿ ಸುತ್ತಿ ಬಗ್ಗಿಸಬೇಕು, ದೊಡ್ಡ ಎಲೆಗಳನ್ನು ಕಿತ್ತು ಚಿಕ್ಕವು ಬರುವಂತೆ ಮಾಡಬೇಕು. ನಾಲ್ಕು ವರ್ಷದಲ್ಲಿ ಅತ್ತಿ ಮೊಳದುದ್ದದ ಮುದುಕನಾಯಿತು. ಬುಡ ಮಾತ್ರ ಹೆಬ್ಬೆರಳಿಗಿಂತ ದಪ್ಪವಾಗಲಿಲ್ಲ. ಅವರು ಜೀವಮಾನವಿಡೀ ಬಳಿದ ಗಾರೆಯೆಲ್ಲ ಯಾರ್ಯಾರದೋ ಬಣ್ಣದಡಿ ಮುಚ್ಚಿಹೋಗಿತ್ತು. ಇದು ಮೇಸ್ತ್ರಿ ಮಾಡಿದ್ದು ಎಂದು ನಾಲ್ಕು ಜನ ಬೆರಳು ಮಾಡಿ ತೋರಿಸಲು ಇದ್ದದ್ದು ಆ ಮರವೊಂದೇ. ಆ ಸಣಕಲು ಬುಡ ಅವರನ್ನು ಒಳಗೊಳಗೇ ಕೊರೆಯುತ್ತಿತ್ತು.

ಒಂದು ಬೇರನ್ನು ನೆಲಕ್ಕೆ ಬಿಟ್ಟುಬಿಡಿ, ನಾಲ್ಕೈದು ವರ್ಷ ಹೊಟ್ಟೆ ತುಂಬ ಉಂಡು ಬುಡ ದಪ್ಪವಾಗುತ್ತದೆ, ಆಮೇಲೆ ಕತ್ತರಿಸಿದರಾಯಿತು ಎಂದು ನರ್ಸರಿಯವನು ಹೇಳಿದ್ದ. ಮೇಸ್ತ್ರಿಗೆ ನೆಲವೆಲ್ಲಿತ್ತು? ಇದ್ದದ್ದು ತಾರಸಿ. ಒಂದು ದಿನ ತಾರಸಿಯಂಚಿನ ಗಿಡ್ಡ ಗೋಡೆಯಿಂದ ತಟ್ಟೆ ಎತ್ತಲು ಹೋದರೆ ಅದು ಕದಲಲಿಲ್ಲ. ನೀರು ಹೋಗುವ ತೂತಿನಿಂದ ಬೇರೊಂದು ಹೊರಟು ಇಟ್ಟಿಗೆಯ ಸಂದಿಗೆ ಇಳಿದಿತ್ತು. ಹಳೆಯ ಮನೆ, ಇಟ್ಟಿಗೆಗಳ ನಡುವೆ ಇದ್ದದ್ದು ಬರೀ ಮಣ್ಣು. ಬೇರೆಯವರ ಮನೆಯಾಗಿದ್ದರೆ ನಾಲ್ಕು ಬೈದು ಅಲ್ಲೇ ಕತ್ತರಿಸಿ ಹಾಕುತ್ತಿದ್ದರು. ಇಲ್ಲಿ ಕತ್ತರಿಯನ್ನು ಜೇಬಿಗೆ ಹಾಕಿಕೊಂಡು ಸುಮ್ಮನೆ ಕೆಳಗಿಳಿದರು.

ಎರಡು ವರ್ಷದಲ್ಲಿ ಬುಡ ಮಣಿಕಟ್ಟಿನಷ್ಟಾಯಿತು. ಜನ ನೋಡಲು ಬಂದರು. ಕೆಳಗಿನ ಕೋಣೆಯಲ್ಲಿ, ಹೆಂಡತಿ ಬಟ್ಟೆ ಹೊಲಿಯುತ್ತಿದ್ದ ಕಿಟಕಿಯ ಪಕ್ಕ, ಕೂದಲೆಳೆಯಂಥ ಬಿರುಕೊಂದು ಇಳಿಯಿತು.

ಬಿರುಕು ನಿಂತಿದೆಯೋ ಬೆಳೆಯುತ್ತಿದೆಯೋ ತಿಳಿಯಲು ಗಾರೆಯವರಲ್ಲಿ ಒಂದು ರೂಢಿಯುಂಟು. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯಿಟ್ಟು, ಎರಡೂ ತುದಿಗೆ ಸಿಮೆಂಟು ಮೆತ್ತಿ, ಹಸಿ ಸಿಮೆಂಟಿನ ಮೇಲೆ ಮೊಳೆಯಿಂದ ತಾರೀಕು ಗೀಚುತ್ತಾರೆ. ಗೋಡೆ ಕದಲಿದರೆ ಗಾಜು ಒಡೆಯುತ್ತದೆ. ಒಡೆದ ದಿನ ಆ ಕೋಣೆ ಖಾಲಿ ಮಾಡಿ ಎಂದು ಮೇಸ್ತ್ರಿ ಎಷ್ಟು ಮನೆಗಳಲ್ಲಿ ಹೇಳಿದ್ದರೋ ಲೆಕ್ಕವಿಲ್ಲ. ತಮ್ಮ ಮನೆಯಲ್ಲಿ ಗಾಜು ಅಂಟಿಸಿ, ಹೆಂಡತಿ ಗಾಬರಿಯಾದಾಳೆಂದು ಮೇಲೊಂದು ಕ್ಯಾಲೆಂಡರ್ ತೂಗುಹಾಕಿದರು. ಐದು ತಿಂಗಳಿಗೆ ಗಾಜು ಒಡೆಯಿತು. ಅಂದೇ ಗರಗಸ ಹಿಡಿದು ಮೇಲೆ ಹೋದರು. ಮರದಲ್ಲಿ ಮೊದಲ ಸಲ ಕಾಯಿ ಬಿಟ್ಟಿತ್ತು, ಕಡಲೆಯಷ್ಟು ಚಿಕ್ಕವು. ಕೆಳಗೆ ಬಂದು ಇನ್ನೊಂದು ಗಾಜು ಅಂಟಿಸಿದರು. ಬಿರುಕಿಗೆ ಸಿಮೆಂಟು ತುಂಬಿದರೆ ಗೋಡೆ ಸುಮ್ಮನಾಗುತ್ತದೆ ಎಂದು ತಮಗೆ ತಾವೇ ಹೇಳಿಕೊಂಡರು. ತುಂಬಿದರು ಕೂಡ.

ಮುಂದಿನ ವರ್ಷ ಮಗಳು ಹೆತ್ತು, ಕೆಲಸಕ್ಕೆ ಮರಳುವಾಗ ಹಸುಳೆಯನ್ನು ಅಜ್ಜಿಯ ಬಳಿ ಬಿಡತೊಡಗಿದಳು. ಹೊಲಿಗೆ ಯಂತ್ರದ ಮಗ್ಗುಲಲ್ಲೇ ತೊಟ್ಟಿಲಿದ್ದರೆ ಅನುಕೂಲವೆಂದಳು ಹೆಂಡತಿ. ಈಚೆಗೆ ಆ ಗೋಡೆಯಿಂದ ಮರಳು ಉದುರುತ್ತಿದೆ, ಕಿಟಕಿಯ ಬಾಗಿಲೂ ಕೂರುತ್ತಿಲ್ಲ, ಪರವಾಗಿಲ್ಲವೇ ಎಂದೂ ಕೇಳಿದಳು. ಗೋಡೆಯ ವಿಷಯದಲ್ಲಿ ಅವಳಿಗೆ ಅವರ ಮಾತೇ ಕೊನೆ.

"ಹಳೇ ಮನೆ ಅಂದ್ಮೇಲೆ ಮರಳು ಉದುರುತ್ತೆ. ಏನೂ ಆಗಲ್ಲ," ಎಂದ ಮೇಸ್ತ್ರಿ ತಾವೇ ತೊಟ್ಟಿಲು ಎತ್ತಿ ತಂದು ಗೋಡೆಗೆ ಒತ್ತಿ ಇಟ್ಟರು.

ಎರಡು ತಿಂಗಳು ಬಿಟ್ಟು ಊರಿನಲ್ಲಿ ಬೋನ್ಸಾಯ್ ಪ್ರದರ್ಶನವಿತ್ತು. ಅಲ್ಲಿಯವರೆಗೆ ಮಾತ್ರ, ಮರವನ್ನು ಅಲ್ಲಿಗೆ ಒಯ್ಯುವಾಗ ಬೇರನ್ನು ಖಂಡಿತ ಕತ್ತರಿಸುತ್ತೇನೆ ಎಂದುಕೊಂಡಿದ್ದರು. ದಿನಾ ಬೆಳಗ್ಗೆ ಮಗುವಿನ ಹೊದಿಕೆಯ ಮೇಲಿನ ಮರಳನ್ನು ಯಾರಿಗೂ ಕಾಣದಂತೆ ಕೊಡವುತ್ತಿದ್ದರು. ಇಷ್ಟು ಅಳುಕಿದ್ದ ಮನುಷ್ಯನಿಗೆ ತೊಟ್ಟಿಲನ್ನು ನಾಲ್ಕು ಮಾರು ಆಚೆ ಸರಿಸಲು ಏನಾಗಿತ್ತು ಎಂದು ನೀವು ಕೇಳಬಹುದು. ಸರಿಸಿದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಹೇಳಿದರೆ ಮರ ಅಂದೇ ಹೋಗುತ್ತಿತ್ತು.

ಒಂದು ಮಧ್ಯಾಹ್ನ ಮೊಳೆ ಸಮೇತ ಕ್ಯಾಲೆಂಡರ್ ಕಳಚಿ ತೊಟ್ಟಿಲೊಳಗೆ ಬಿತ್ತು. ಮಗು ಬೆಚ್ಚಿ ಅತ್ತಿತು. ಹೆಂಡತಿ ಅದನ್ನು ಎತ್ತಿಕೊಂಡು ಗೋಡೆ ನೋಡಿದಳು. ಎರಡು ಗಾಜು, ಎರಡೂ ಒಡೆದಿದ್ದವು. ಮೇಸ್ತ್ರಿಯ ಹೆಂಡತಿಗೆ ಗಾಜಿನ ಭಾಷೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಗೀಚಿದ ತಾರೀಕುಗಳನ್ನು ಬಗ್ಗಿ ಓದಿದಳು. ಊಟ ಮುಗಿಸಿ ಒಳಬಂದ ಗಂಡನನ್ನು ಬಾಗಿಲಲ್ಲೇ ತಡೆದಳು.

"ಎರಡನೇ ಗಾಜು ಅಂಟಿಸಿದ್ದು ಮಗು ಹುಟ್ಟೋ ಮುಂಚೆ. ಅಂದ್ರೆ ಮೊದಲನೇದು ಆಗಲೇ ಒಡೆದಿತ್ತು."

ಮೇಸ್ತ್ರಿ ಅವಳ ಹೆಗಲಾಚೆ ಗೋಡೆಯನ್ನು ನೋಡಿದರು.

"ತೊಟ್ಟಿಲು ಇಲ್ಲಿಟ್ಟಿದ್ದು ನೀವೇ ಅಲ್ವೇನ್ರೀ?"

ಉತ್ತರಕ್ಕೆ ಕಾಯದೆ ಅವಳು ಮಗುವನ್ನು ಅವಚಿಕೊಂಡು ಮಗಳ ಮನೆಗೆ ನಡೆದಳು. ನಾಲ್ಕನೆಯ ದಿನ ಗೋಡೆ ಒಳಮುಖವಾಗಿ ಕುಸಿಯಿತು. ಹೊಲಿಗೆ ಯಂತ್ರ ಮುರಿಯಿತು, ತೊಟ್ಟಿಲು ಚಪ್ಪಟೆಯಾಯಿತು. ಕೋಣೆಯಲ್ಲಿ ಯಾರೂ ಇರಲಿಲ್ಲ, ಪುಣ್ಯ ಮಾಡಿದ್ದಿರಿ ಎಂದರು ನೆರೆಯವರು. ಇಟ್ಟಿಗೆ ರಾಶಿಯಿಂದ ಬೇರು ಬಿಡಿಸಲು ಮೇಸ್ತ್ರಿಗೆ ಎರಡು ದಿನ ಹಿಡಿಯಿತು. ಮರವನ್ನು ತುಂಡು ತುಂಡಾಗಿ ಕೊಯ್ದು ಹಾಕಿದರು. ಗೋಡೆಯನ್ನು ಒಬ್ಬರೇ ಕಟ್ಟಿದರು.

ಹೆಂಡತಿ ಮರಳಿ ಬಂದಿದ್ದಾಳೆ. ಮಾತಿಗೆ ಮಾತು ಕೊಡುತ್ತಾಳೆ, ಅಷ್ಟೇ. ಮಗಳೂ ವಾರಕ್ಕೊಮ್ಮೆ ಬರುತ್ತಾಳೆ, ಅಪ್ಪನ ಮಂಡಿನೋವು ವಿಚಾರಿಸುತ್ತಾಳೆ. ಬಂದಷ್ಟು ಹೊತ್ತೂ ಮಗುವನ್ನು ತೊಡೆಯಿಂದ ಇಳಿಸುವುದಿಲ್ಲ. ಮೇಸ್ತ್ರಿ ಎರಡೂ ಕೈ ಚಾಚಿದರೆ, "ಅವಳಿಗೆ ನಿದ್ದೆ ಬರ್ತಿದೆ ಅಪ್ಪಾ," ಎನ್ನುತ್ತಾಳೆ. ಮಗು ಕಣ್ಣರಳಿಸಿಕೊಂಡು ಅವರನ್ನೇ ನೋಡುತ್ತಿರುತ್ತದೆ.