ಮಾವನ ನಾಲಿಗೆಗೆ ಹತ್ತಿದ ಕಪ್ಪು

ಮನೆಯಲ್ಲೇ ರವಿಕೆ ಹೊಲಿದುಕೊಂಡಿದ್ದ ನನಗೆ ಬಟ್ಟೆಗೆ ಬಣ್ಣ ಹಾಕುವ ಹುಚ್ಚು ಹಿಡಿದದ್ದು ಹಗರಿಬೊಮ್ಮನಹಳ್ಳಿಯಲ್ಲಿ ಎರಡು ದಿನದ ತರಬೇತಿಗೆ ಹೋಗಿ ಬಂದ ಮೇಲೆ. ಕೊಟ್ಟೂರಿನ ನಮ್ಮ ಮನೆಯಲ್ಲಿ ಬಿಳಿ ಬಟ್ಟೆ ಎಂಬುದೇ ಉಳಿಯಲಿಲ್ಲ. ಈರುಳ್ಳಿ ಸಿಪ್ಪೆಯಲ್ಲಿ ಕುದ್ದು ದಿಂಬಿನ ಗವಸುಗಳು ಕಂದು ಬಣ್ಣಕ್ಕೆ ತಿರುಗಿದವು. ಚೆಂಡು ಹೂವಿನಲ್ಲಿ ಮುಳುಗಿ ಯಜಮಾನರ ಬನಿಯನ್‌ಗಳು ಹಳದಿಯಾದವು. ಅವರು ಹೆಚ್ಚು ಮಾತಾಡುವವರಲ್ಲ. “ನನ್ನೊಬ್ಬನ್ನ ಕುದಸಬ್ಯಾಡ, ಅಷ್ಟ ಸಾಕು” ಎಂದರು.

ಹಳದಿ, ಕಂದು ಸಾಕೆನಿಸಿ ಕಪ್ಪಿಗೆ ಕೈ ಹಾಕಿದೆ. ಕಪ್ಪು ಬೇಕೆಂದರೆ ಬಟ್ಟೆಯನ್ನು ಮೊದಲು ದಾಳಿಂಬೆ ಸಿಪ್ಪೆಯ ಒಗರು ನೀರಿನಲ್ಲಿ ನೆನೆಸಿ, ಆಮೇಲೆ ಕಬ್ಬಿಣದ ನೀರಿನಲ್ಲಿ ಅದ್ದಬೇಕು. ಒಗರು, ಕಬ್ಬಿಣ ಎರಡೂ ಕೂಡಿದಲ್ಲಿ ಕಪ್ಪು ಹುಟ್ಟುತ್ತದೆ. ಕಬ್ಬಿಣದ ನೀರನ್ನು ನಾವೇ ಮಾಡಿಕೊಳ್ಳಬೇಕು. ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿಗೆ ಹಾಕಿ ಎರಡು ಮೂರು ವಾರ ಹುಳಿಯಲು ಬಿಡಬೇಕು.

ದಾಳಿಂಬೆ ಸಿಪ್ಪೆ ಬಸ್‌ಸ್ಟ್ಯಾಂಡಿನ ಜ್ಯೂಸ್ ಅಂಗಡಿಯಲ್ಲಿ ಸಿಕ್ಕಿತು. ತುಕ್ಕಿಗೆ ನಮ್ಮ ಓಣಿಯ ತುದಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಚಾಚಾನ ಹತ್ತಿರ ಹೋದೆ.

“ತುಕ್ಕು ತಗೀರಿ ಅಂತ ಭಾಳ ಮಂದಿ ಬಂದಾರ್ರಿ. ತುಕ್ಕು ಕೊಡ್ರಿ ಅಂತ ಬಂದೋರು ನೀವ ಮೊದಲು” ಎಂದ ಚಾಚಾ, ಸಂತೆಯಲ್ಲಿ ಬದನೆಕಾಯಿ ಆರಿಸುವಂತೆ ಒಂದೊಂದೇ ಬೋಲ್ಟು ತಿರುಗಿಸಿ ನೋಡಿ ಡಬ್ಬಿ ತುಂಬಿಸಿಕೊಟ್ಟರು.

ಬೋಲ್ಟುಗಳನ್ನು ಬೆಲ್ಲದ ನೀರಿನ ದೊಡ್ಡ ಗಡಿಗೆಗೆ ಹಾಕಿ ಹಿತ್ತಲಲ್ಲಿಟ್ಟೆ. ಹತ್ತು ದಿನಕ್ಕೆ ಗಡಿಗೆಯಲ್ಲಿ ನೊರೆ ಎದ್ದಿತು. ಹುಳಿ ವಾಸನೆ ಗೋಡೆ ದಾಟಿತು. ಅತ್ತೆ ಅದರ ಮೇಲೆ ಗೋಣಿಚೀಲ ಹೊದಿಸಿ, ದಾರಿಯಲ್ಲಿ ಹೋಗುವವರನ್ನು ತಾವೇ ಕರೆದು, “ಬಣ್ಣ ಅದು, ಬ್ಯಾರೇ ಏನಲ್ಲ” ಎಂದು ಹೇಳತೊಡಗಿದರು. ಅಲ್ಲಿಯವರೆಗೆ ಯಾರಿಗೂ ಅನುಮಾನ ಇರಲಿಲ್ಲ.

ಆ ವಾರವೇ ಹರಪನಹಳ್ಳಿಯಿಂದ ಮಾವ ಬಂದರು. ಮಾವ ಎಂದರೆ ಅತ್ತೆಯ ಖಾಸಾ ತಮ್ಮ. ಎಲ್ಲಿ ನಾಲ್ಕು ಜನ ಕೂತರೂ ಕುಡಿತದ ಕೇಡಿನ ಬಗ್ಗೆ ಅರ್ಧ ಗಂಟೆ ಮಾತಾಡದೆ ಏಳುವವರಲ್ಲ. ಅವರ ಮಗನಿಗೆ ಹೆಣ್ಣು ನೋಡಲು ಅಂದು ಸಂಜೆ ನಾವೆಲ್ಲ ಉಜ್ಜಿನಿಗೆ ಹೋಗುವುದಿತ್ತು. ಚಪ್ಪಲಿ ಬಿಡುವ ಮೊದಲೇ ಅವರ ಮೂಗು ಅರಳಿತು.

“ಏನಕ್ಕ, ಹಿತ್ಲಾಗೆ ಹೆಂಡದಂಗಡಿ ಇಟ್ಟೀಯೇನು?”

“ಬಣ್ಣ ರೀ ಮಾವಾರ” ಎಂದೆ.

“ಬಣ್ಣ ಬುಸುಬುಸು ಅಂತೈತೇನಮ್ಮ?”

ಊಟದುದ್ದಕ್ಕೂ ಅವರ ಅರ್ಧ ಗಂಟೆಯ ಮಾತು ನಡೆಯಿತು. ಊಟವಾದ ಮೇಲೆ ಬಾಯಿಗೆ ಅಡಿಕೆ ಹಾಕಿಕೊಂಡು, ಉಗುಳುವ ನೆಪದಲ್ಲಿ ಹಿತ್ತಲಿಗೆ ಹೋದರು. ಬಹಳ ಹೊತ್ತಾದ ಮೇಲೆ ಬಂದವರು ಟವೆಲನ್ನು ಬಾಯಿಗೆ ಅಡ್ಡ ಹಿಡಿದು ಸುಮ್ಮನೆ ಕುಳಿತರು. ಚಹಾ ಬೇಕೇ ಎಂದರೆ ತಲೆಯಾಡಿಸಿದರು. ಹಲ್ಲುನೋವೇ ಎಂದರೂ ತಲೆಯಾಡಿಸಿದರು. ತಮ್ಮ ಇಷ್ಟು ಹೊತ್ತು ಸುಮ್ಮನಿದ್ದದ್ದನ್ನು ಅತ್ತೆ ಎಂದೂ ಕಂಡಿರಲಿಲ್ಲ. ಗಾಬರಿಯಾಗಿ ಟವೆಲ್ ಎಳೆದರು. ಹಲ್ಲು, ನಾಲಿಗೆ, ತುಟಿ ಎಲ್ಲ ಇದ್ದಲಿನಂತೆ ಕಪ್ಪಾಗಿದ್ದವು.

“ಅಡಿಕೆ ಸರಿ ಇರ್ಲಿಲ್ಲ” ಎಂದರು ಮಾವ.

ನಾನು ಹಿತ್ತಲಿಗೆ ಓಡಿದೆ. ಗೋಣಿಚೀಲ ಕೆಳಗೆ ಬಿದ್ದಿತ್ತು. ಗಡಿಗೆಯ ಪಕ್ಕದಲ್ಲಿ ಲೋಟವಿತ್ತು. ಅಡಿಕೆಯೂ ಒಗರು. ದಾಳಿಂಬೆ ಸಿಪ್ಪೆ ಬಟ್ಟೆಯ ಮೇಲೆ ಮಾಡುವ ಕೆಲಸವನ್ನು ಅಡಿಕೆ ಮಾವನ ಬಾಯಲ್ಲಿ ಮಾಡಿತ್ತು.

“ಮಾವಾರ, ಗಡಿಗ್ಯಾಗಿಂದು ಕುಡದ್ರೇನ್ರಿ?”

“ಕುಡೀಲಿಲ್ಲಮ್ಮ. ಪರೀಕ್ಷೆ ಮಾಡಿದೆ.”

“ಎಷ್ಟು ಪರೀಕ್ಷೆ ಮಾಡಿದ್ರಿ?”

“ಒಂದು ಗುಟುಕು. ಅನುಮಾನ ಹೋಗ್ಲಿಲ್ಲ. ಅದಕ್ಕೆ ಇನ್ನೊಂದು.”

ಕೂಡಲೇ ಪರಿಚಯದ ಡಾಕ್ಟರಿಗೆ ಫೋನ್ ಮಾಡಿ ಇದ್ದದ್ದು ಇದ್ದಹಾಗೆ ಹೇಳಿದೆ. ಅವರು ನಗು ತಡೆದುಕೊಂಡು, ಹೆದರಬೇಡಿ, ಚೆನ್ನಾಗಿ ನೀರು ಕುಡಿಸಿ, ಹೊಟ್ಟೆನೋವು ಬಂದರೆ ತಕ್ಷಣ ಕರೆತನ್ನಿ ಎಂದರು. ಹೊಟ್ಟೆಗೆ ಏನೂ ಆಗಲಿಲ್ಲ. ಬಾಯಿಯ ಬಣ್ಣ ಮಾತ್ರ ಉಪ್ಪಿಗೂ ಹೋಗಲಿಲ್ಲ, ಹಲ್ಲುಪುಡಿಗೂ ಹೋಗಲಿಲ್ಲ. ಅಷ್ಟು ಪಕ್ಕಾ ಬಣ್ಣ ನನ್ನ ಯಾವ ಬಟ್ಟೆಗೂ ಹತ್ತಿರಲಿಲ್ಲ. ಆ ಗಾಬರಿಯಲ್ಲೂ ಒಳಗೊಳಗೇ ಹೆಮ್ಮೆಯಾಯಿತು.

ಉಜ್ಜಿನಿಯಲ್ಲಿ ಹೆಣ್ಣಿನ ಮನೆಯವರು ಏನು ಕೇಳಿದರೂ ಮಾವ ಟವೆಲ್ ಅಡ್ಡ ಹಿಡಿದು, ಕಣ್ಣು ಮುಚ್ಚಿ ತಲೆದೂಗಿದರು. ಅತ್ತೆಗೆ ತಮ್ಮನ ಎದುರು ಮಾತಾಡುವ ಅವಕಾಶ ಸಿಕ್ಕಿದ್ದು ಅದೇ ಮೊದಲು. ಅಂಗಳಕ್ಕೆ ಹೋಗಿ ಹುಡುಗಿಯ ತಾಯಿಯನ್ನೂ ನಗಿಸಿದರು. ಒಂದು ಗಂಟೆಯೊಳಗೆ ಮಾತು ಕುದುರಿತು. ಹೊರಡುವಾಗ ಹುಡುಗಿಯ ಅಪ್ಪ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು:

“ನಿಮ್ಮ ಮಾವಾರು ಭಾಳ ಗಂಭೀರ ಮನುಷ್ಯಾರು ನೋಡ್ರಿ. ಒಂದು ಮಾತು ಹೆಚ್ಚಿಗಿ ಇಲ್ಲ.”

ಯಜಮಾನರು ಕೆಮ್ಮುತ್ತ ಕಾರಿನ ಕಡೆ ನಡೆದರು. ಕೂಡ್ಲಿಗಿ ರಸ್ತೆ ಸೇರುವವರೆಗೂ ಕಾರಿನಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮೊದಲು ನಕ್ಕದ್ದು ಮಾವನೇ. ಆ ಕಪ್ಪು ಹಲ್ಲುಗಳನ್ನು ನೋಡಿದ ಮೇಲೆ ಉಳಿದವರಿಗೂ ತಡೆಯಲಾಗಲಿಲ್ಲ.

ಮೂರನೆಯ ದಿನಕ್ಕೆ ಅವರ ಬಾಯಿ ತಿಳಿಯಾಯಿತು. ನನ್ನ ಗಡಿಗೆಯೂ ಹದಕ್ಕೆ ಬಂದು, ಮೊದಲ ಕಪ್ಪು ಸೀರೆ ಎದ್ದು ಬಂದಿತು. ಅದನ್ನು ಅತ್ತೆ ಕೇಳಿ ಪಡೆದು ಉಟ್ಟರು. ಯಾವ ಅಂಗಡಿಯದು ಎಂದು ಯಾರಾದರೂ ಕೇಳಿದರೆ, ಅವರನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು, ಬಣ್ಣ ಮಾಡುವ ಬಗೆಯನ್ನು ತಮ್ಮನ ಕಥೆ ಸಮೇತ ವಿವರಿಸುತ್ತಾರೆ.